ಚಿತ್ರದಡಿಯ ಸಾಲು ಯಾರದು?

ಶಿವಗಂಗೆಯ ಲೋಹಮೂರ್ತಿ, ದೇವನಹಳ್ಳಿಯ 108 ಅಡಿ ಕಂಚು, ಟಿಪ್ಪುವಿನದೆಂದು ಹರಿದಾಡಿದ ಫೋಟೊ, ಚನ್ನರಾಯಪಟ್ಟಣದ ರೈತರ ವಿಡಿಯೊ: ಬೆಂಗಳೂರು ಗ್ರಾಮಾಂತರ ಜಿಲ್ಲೆ ಲೋಕಕ್ಕೆ ಚಿತ್ರಗಳನ್ನು ಒದಗಿಸುತ್ತಲೇ ಬಂದಿದೆ. ಅವುಗಳ ಅರ್ಥ ಬರೆದವರು ಮಾತ್ರ ಬಹುಪಾಲು ಹೊರಗಿನವರು. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ಹೊತ್ತಿಗೆ ಒಂದು ಅವಲೋಕನ.

ಬಳ್ಳಾರಿ ರಸ್ತೆಯನ್ನು ಬಿಟ್ಟು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದತ್ತ ತಿರುಗುವ ಹಾದಿಯಲ್ಲಿ, ಟ್ಯಾಕ್ಸಿಗಳ ಕಿಟಕಿ ಗಾಜು ಕೆಳಗಿಳಿದು ಮೊಬೈಲ್ ಹಿಡಿದ ಕೈಗಳು ಒಂದರ ಹಿಂದೊಂದು ಹೊರಚಾಚುವ ತಾಣವೊಂದಿದೆ. ಅಲ್ಲಿ ಬಯಲ ಬಿಸಿಲಿಗೆ ಹೊಳೆಯುವ 108 ಅಡಿ ಎತ್ತರದ ಕಂಚಿನ ಕೆಂಪೇಗೌಡರು ನಾಲ್ಕು ಟನ್ ತೂಕದ ಖಡ್ಗ ಹಿಡಿದು ನಿಂತಿದ್ದಾರೆ. ವಿಮಾನ ತಪ್ಪೀತೆಂಬ ಆತಂಕದಲ್ಲಿರುವವರಿಗೂ ಒಂದು ಫೋಟೊ ತೆಗೆಯುವಷ್ಟು ಪುರುಸೊತ್ತು ಸಿಗುತ್ತದೆ, ಮತ್ತು ಆ ಫೋಟೊ ಭದ್ರತಾ ತಪಾಸಣೆಯ ಸಾಲು ಕರಗುವ ಮೊದಲೇ ಹತ್ತಾರು ಊರುಗಳನ್ನು ಮುಟ್ಟಿರುತ್ತದೆ.

2022ರ ನವೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದ ಈ ಪ್ರತಿಮೆಯನ್ನು ರೂಪಿಸಿದವರು ಗುಜರಾತಿನ ಏಕತಾ ಪ್ರತಿಮೆಯ ಶಿಲ್ಪಿ ರಾಮ್ ಸುತಾರ್. ಪರದೆ ಸರಿಯುವ ಮೊದಲೇ ಅದಕ್ಕೆ ‘ಪ್ರಗತಿಯ ಪ್ರತಿಮೆ’ ಎಂಬ ಹೆಸರು ಬಿದ್ದಿತ್ತು. ರಾಜ್ಯದ ಊರೂರುಗಳಿಂದ ಮೃತ್ತಿಕೆ ಸಂಗ್ರಹಿಸಿ ತರುವ ಅಭಿಯಾನವೂ ನಡೆದಿತ್ತು. ಅಂದರೆ ಜನ ಪ್ರತಿಮೆಯನ್ನು ನೋಡುವುದಕ್ಕೆ ಮುಂಚೆಯೇ ಅದನ್ನು ಹೇಗೆ ನೋಡಬೇಕೆಂಬುದು ನಿಗದಿಯಾಗಿತ್ತು.

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ, ಅದೇ ಕೆಂಪೇಗೌಡರ ಲೋಹದ ಮೂರ್ತಿಯೊಂದಿದೆ. 1537ರಲ್ಲಿ ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರು 1569ರಲ್ಲಿ ತೀರಿಕೊಂಡ ಬಳಿಕ, 1609ರಲ್ಲಿ ಅದನ್ನು ಅಲ್ಲಿ ಸ್ಥಾಪಿಸಲಾಯಿತು. ಅಲ್ಲಿರುವುದು ದೇವರ ಸನ್ನಿಧಿಯ ಭಕ್ತ. ಇಲ್ಲಿರುವುದು ಬಂಡವಾಳ ಹೂಡಲು ಬರುವವರನ್ನು ಬರಮಾಡಿಕೊಳ್ಳುವ ಆಧುನಿಕ ನಗರದ ಜನಕ. ವ್ಯಕ್ತಿ ಒಬ್ಬರೇ, ಜಿಲ್ಲೆಯೂ ಒಂದೇ, ಆದರೆ ಎರಡು ಮೂರ್ತಿಗಳ ಸುತ್ತಲಿನ ಮಾತು ಬೇರೆಯಾದದ್ದರಿಂದ ಎರಡರ ಅರ್ಥವೂ ಬೇರೆಯಾಗಿದೆ.

ಫ್ರೆಂಚ್ ವಿಮರ್ಶಕ ರೋಲಾ ಬಾರ್ತ್ 1964ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ವಿವರಿಸಿದ್ದರು. ಅವರ ಪ್ರಕಾರ ಯಾವ ಚಿತ್ರಕ್ಕೂ ಒಂದೇ ಅರ್ಥವಿರುವುದಿಲ್ಲ. ಹಲವು ಅರ್ಥಗಳು ಅದರಲ್ಲಿ ತೇಲುತ್ತಿರುತ್ತವೆ, ಮತ್ತು ಚಿತ್ರದ ಜೊತೆಗಿರುವ ಬರಹವು ಅವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿ ಉಳಿದವನ್ನು ಬದಿಗೆ ಸರಿಸುತ್ತದೆ. ಅಡಿಬರಹ ಎಂದು ಪತ್ರಿಕಾ ಕಚೇರಿಗಳು ಕರೆಯುವ ಆ ಒಂದೆರಡು ಸಾಲು ಚಿತ್ರವನ್ನು ವರ್ಣಿಸುವುದಿಲ್ಲ, ನೋಡುಗರ ಕಣ್ಣಿಗೆ ದಾರಿ ತೋರಿಸುತ್ತದೆ ಎಂಬುದು ಅವರ ವಾದದ ತಿರುಳು. ಅಂತರ್ಜಾಲದ ಕಾಲದಲ್ಲಿ ಈ ವಾದಕ್ಕೆ ಒಂದು ತಿದ್ದುಪಡಿ ಬೇಕಾಗಿದೆ: ಚಿತ್ರ ಒಬ್ಬರದು, ಅಡಿಬರಹ ಇನ್ನೊಬ್ಬರದು, ಹಂಚುವವರು ಮತ್ತೊಬ್ಬರು, ಮತ್ತು ಮೂವರಿಗೂ ಪರಸ್ಪರ ಪರಿಚಯವಿಲ್ಲ.

ದೇವನಹಳ್ಳಿಯಲ್ಲಿ ಹುಟ್ಟಿದವನ ಮುಖ

ವಿಮಾನ ನಿಲ್ದಾಣದಿಂದ ಅನತಿ ದೂರದ ದೇವನಹಳ್ಳಿ ಕೋಟೆಯ ಬಳಿ, ಕಂಬಗಳ ಚಿಕ್ಕ ಆವರಣವೊಂದು ಟಿಪ್ಪು ಸುಲ್ತಾನನ ಜನ್ಮಸ್ಥಳವನ್ನು ಗುರುತಿಸುತ್ತದೆ. ಅಲ್ಲಿ ಒಂದು ಕಲ್ಲುಫಲಕವಿದೆ, ಮುಖವಿಲ್ಲ. ಆದರೆ ಕರ್ನಾಟಕದಲ್ಲಿ ಟಿಪ್ಪುವಿನಷ್ಟು ಚಿತ್ರಗಳ ಮೂಲಕವೇ ಜಗಳಕ್ಕೆ ಸಿಕ್ಕಿದ ಚಾರಿತ್ರಿಕ ವ್ಯಕ್ತಿ ಬೇರೊಬ್ಬನಿಲ್ಲ.

ಆತ ಬದುಕಿದ್ದಾಗಲೇ ಈ ಕೆಲಸ ಶುರುವಾಗಿತ್ತು, ಮತ್ತು ಅದರಲ್ಲಿ ಆತನೇನೂ ಹಿಂದೆ ಬಿದ್ದಿರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಸೋಲಿಸಿದ ದೃಶ್ಯವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆಯ ಮೇಲೆ ಆತ ಬರೆಸಿದ. ಅದರಲ್ಲಿ ಮದ್ದುಗುಂಡಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಕರ್ನಲ್ ಬೇಲಿ ಬೆರಳು ಕಚ್ಚುತ್ತಿದ್ದಾನೆ, ಆನೆಕುದುರೆಗಳ ನಡುವೆ ಟಿಪ್ಪು ಮಾತ್ರ ನಿರಾತಂಕವಾಗಿ ಗುಲಾಬಿ ಮೂಸುತ್ತಿದ್ದಾನೆ. ಗೆದ್ದವನ ಗಾಂಭೀರ್ಯಕ್ಕೆ ಇದಕ್ಕಿಂತ ಚೊಕ್ಕ ಪ್ರಚಾರ ಸಿಗುವುದು ಕಷ್ಟ.

ಆ ಗೋಡೆಗೆ ಮುಂದೆ ಸುಣ್ಣ ಬಳಿಯಲಾಯಿತು. 1799ರ ನಂತರ ಅದೇ ಅರಮನೆಯಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಇನ್ನೊಮ್ಮೆ ಬಣ್ಣ ಬಿತ್ತು. ಬ್ರಿಟಿಷರು ತಮ್ಮ ಸೋಲಿನ ಚಿತ್ರವನ್ನೇ ಜತನದಿಂದ ಉಳಿಸಿದ್ದು ಉದಾರತೆಯಿಂದಲ್ಲ ಎಂದು ಅನುಮಾನಿಸಲು ಅವಕಾಶವಿದೆ. ಟಿಪ್ಪು ಸತ್ತ ಮೇಲೆ ಆ ಚಿತ್ರ ಸೋಲಿನ ದಾಖಲೆಯಾಗಿ ಉಳಿಯಲಿಲ್ಲ, ‘ಎಂಥ ಬಲಶಾಲಿ ಶತ್ರುವನ್ನು ಮುಗಿಸಿದೆವು ನೋಡಿ’ ಎನ್ನುವ ಪ್ರದರ್ಶನವಾಯಿತು. ಗೋಡೆ ಅದೇ, ಗೆರೆಗಳೂ ಹೆಚ್ಚುಕಡಿಮೆ ಅವೇ, ಅರ್ಥ ಮಾತ್ರ ತಿರುಗಿ ನಿಂತಿತು.

ಲಂಡನ್ನಿನಲ್ಲಿ ಇದಕ್ಕಿಂತ ದೊಡ್ಡ ವ್ಯಾಪಾರ ನಡೆಯಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಕಲಾವಿದ 1800ರಲ್ಲಿ ಶ್ರೀರಂಗಪಟ್ಟಣದ ಪತನವನ್ನು ನೂರಡಿಗೂ ಹೆಚ್ಚು ಉದ್ದದ ಕ್ಯಾನ್ವಾಸಿನ ಮೇಲೆ ಬಿಡಿಸಿ, ಲೈಸಿಯಂ ರಂಗಮಂದಿರದಲ್ಲಿ ಪ್ರದರ್ಶನಕ್ಕಿಟ್ಟ. ನೋಡುಗರನ್ನು ಸುತ್ತುವರಿಯುವಂತೆ ಬಾಗಿಸಿ ನಿಲ್ಲಿಸುವ ಇಂಥ ಮಹಾಚಿತ್ರಗಳಿಗೆ ಪನೋರಮಾ ಎಂದು ಹೆಸರು. ಜನ ಮುಗಿಬಿದ್ದರು, ಅದರ ಅಚ್ಚುಚಿತ್ರಗಳು ಮನೆಮನೆ ಸೇರಿದವು, ಘಟನೆಯನ್ನು ವಿವರಿಸುವ ಪುಸ್ತಿಕೆಯೂ ಬಂತು. ಪೋರ್ಟರ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ; ಯುದ್ಧದಿಂದ ಮರಳಿದವರ ಮಾತು ಕೇಳಿ ಅವನು ಬಿಡಿಸಿದ ಮೈಸೂರೇ ಇಂಗ್ಲೆಂಡಿನ ಜನಸಾಮಾನ್ಯರ ಪಾಲಿಗೆ ಮೈಸೂರಾಯಿತು. ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ, ಜನರಲ್ ಬೇರ್ಡ್ ಪಂಜಿನ ಬೆಳಕಿನಲ್ಲಿ ಟಿಪ್ಪುವಿನ ಶವವನ್ನು ಪತ್ತೆ ಮಾಡುವ ಪ್ರಸಿದ್ಧ ಚಿತ್ರವೂ ಇಂಥದ್ದೇ: ಅದನ್ನು ಬರೆಸಿದ್ದು ಬೇರ್ಡ್‌ನ ವಿಧವೆ, ಬರೆದವನು ಭಾರತವನ್ನು ಕಾಣದವನು.

ಆ 1839 ಇನ್ನೊಂದು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಅದೇ ವರ್ಷದ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್‌ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ಬಹಿರಂಗಪಡಿಸಲಾಯಿತು. ವಿಶ್ವ ಛಾಯಾಗ್ರಹಣ ದಿನ ಅದರ ಸ್ಮರಣೆ. ಟಿಪ್ಪು ಸತ್ತದ್ದು 1799ರ ಮೇ 4ರಂದು. ಹೀಗಿರುವಾಗ ಟಿಪ್ಪುವಿನ ಫೋಟೊ ಇರುವುದು ಸಾಧ್ಯವೇ ಇಲ್ಲ ಎಂದು ತಿಳಿಯಲು ಇತಿಹಾಸದ ಪದವಿ ಬೇಕಿಲ್ಲ, ಕೂಡಿ ಕಳೆಯುವ ಲೆಕ್ಕ ಸಾಕು.

ಆದರೂ ಆ ಫೋಟೊ ಬಂತು. ಬಿಳಿಯ ರುಮಾಲು ಮತ್ತು ನಿಲುವಂಗಿ ತೊಟ್ಟ, ಗಡ್ಡಧಾರಿಯಾದ, ಕಪ್ಪು ಮೈಬಣ್ಣದ ವ್ಯಕ್ತಿಯೊಬ್ಬನ ಹಳೆಯ ಕಪ್ಪುಬಿಳುಪು ಚಿತ್ರ, ‘ಇದು ಟಿಪ್ಪುವಿನ ಅಸಲಿ ಫೋಟೊ, ಪಠ್ಯಪುಸ್ತಕದ ಸುಂದರ ಮುಖ ಸುಳ್ಳು’ ಎಂಬ ಅರ್ಥದ ಒಕ್ಕಣೆಯೊಂದಿಗೆ ವರ್ಷಗಟ್ಟಲೆ ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ ಸುತ್ತಿತು. ಅದು ಜಾಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿ ಹಮದ್ ಬಿನ್ ಮುಹಮ್ಮದ್ ಅಲ್ ಮುರ್ಜಬಿಯ ಫೋಟೊ. 1905ರಲ್ಲಿ ತೀರಿಕೊಂಡ ಈತನನ್ನು ಜನ ಕರೆಯುತ್ತಿದ್ದುದು ‘ಟಿಪ್ಪು ಟಿಪ್’ ಎಂಬ ಅಡ್ಡಹೆಸರಿನಿಂದ.

ಇದರಲ್ಲಿ ಗಮನಿಸಬೇಕಾದ ಸಂಗತಿ ಹೆಸರಿನ ಗೊಂದಲವಲ್ಲ. ಆ ಮುಖವನ್ನು ನೋಡಿದೊಡನೆ ಕ್ರೌರ್ಯ ಕಂಡಿತೆಂದರೆ, ಕಪ್ಪು ಬಣ್ಣಕ್ಕೂ ಗಡ್ಡಕ್ಕೂ ಕ್ರೌರ್ಯವನ್ನು ಜೋಡಿಸುವ ಅಭ್ಯಾಸ ನೋಡುಗರಲ್ಲಿ ಮೊದಲೇ ಇತ್ತು ಎಂದರ್ಥ. ಫೋಟೊ ಯಾವ ಸಾಕ್ಷ್ಯವನ್ನೂ ಕೊಡಲಿಲ್ಲ. ಇದ್ದ ಅಭಿಪ್ರಾಯಕ್ಕೆ ಒಂದು ಮುಖವನ್ನು ಕೊಟ್ಟಿತು. ಟಿಪ್ಪುವಿನ ಆಳ್ವಿಕೆಯ ಬಗ್ಗೆ, ಕೊಡಗು ಮತ್ತು ಮಲಬಾರಿನ ದಂಡಯಾತ್ರೆಗಳ ಬಗ್ಗೆ, ಶೃಂಗೇರಿ ಮಠದೊಂದಿಗಿನ ಪತ್ರವ್ಯವಹಾರದ ಬಗ್ಗೆ ದಾಖಲೆಗಳನ್ನಿಟ್ಟು ವಾದಿಸಲು ಬೇಕಾದಷ್ಟು ಸಾಮಗ್ರಿ ಇದೆ. ಆದರೆ ದಾಖಲೆ ಓದಲು ಸಮಯ ಬೇಕು, ಮುಖ ನೋಡಲು ಅರೆಕ್ಷಣ ಸಾಕು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2015ರಲ್ಲಿ ಸಿದ್ದರಾಮಯ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಸರ್ಕಾರಿ ಕಾರ್ಯಕ್ರಮವಾಗಿ ಆರಂಭಿಸಿತು, ಮಡಿಕೇರಿಯಲ್ಲಿ ಹಿಂಸಾಚಾರವಾಯಿತು, 2019ರ ಜುಲೈನಲ್ಲಿ ಯಡಿಯೂರಪ್ಪ ಸರ್ಕಾರ ಅದನ್ನು ರದ್ದುಪಡಿಸಿತು. 2022ರ ಸ್ವಾತಂತ್ರ್ಯ ದಿನದಂದು ಶಿವಮೊಗ್ಗದಲ್ಲಿ ಸಾವರ್ಕರ್ ಮತ್ತು ಟಿಪ್ಪು ಫ್ಲೆಕ್ಸ್‌ಗಳ ಜಾಗದ ಜಗಳ ಚೂರಿ ಇರಿತದವರೆಗೆ ಹೋಯಿತು. 2023ರ ಜೂನ್‌ನಲ್ಲಿ ಬೆಳಗಾವಿ ಗಡಿಯಾಚೆಯ ಕೊಲ್ಹಾಪುರದಲ್ಲಿ ಗಲಭೆಗೆ ನೆಪವಾದದ್ದು ಕೆಲವರು ಮೊಬೈಲಿನ ಸ್ಟೇಟಸ್‌ನಲ್ಲಿ ಹಾಕಿಕೊಂಡ ಚಿತ್ರ.

ಚೌಕಟ್ಟು: ಚಿತ್ರ ಕೇಳಿದ ಹೆಸರುಗಳು

ಸಾಮಾನ್ಯವಾಗಿ ಚಿತ್ರ ಮೊದಲು ಬರುತ್ತದೆ, ಅಡಿಬರಹ ಆಮೇಲೆ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ನಡೆದದ್ದು ತಿರುವುಮುರುವು. ಟಿಪ್ಪುವನ್ನು ಕೊಂದವರು ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಪ್ರಚಾರ ಜೋರಾಗಿ, ಪ್ರಧಾನಿಯವರ ಭೇಟಿಗಾಗಿ ಹಾಕಿದ ಸ್ವಾಗತ ಕಮಾನಿನ ಮೇಲೆ ಆ ಹೆಸರುಗಳು ಕಾಣಿಸಿಕೊಂಡವು. ಆಕ್ಷೇಪ ಬಂದ ಮೇಲೆ ಫ್ಲೆಕ್ಸ್ ಬದಲಾಯಿತು. ಅದೇ ಹೆಸರಿನ ಸಿನಿಮಾ ಮಾಡುವುದಾಗಿ ಆಗಿನ ಸಚಿವ ಮುನಿರತ್ನ ಪ್ರಕಟಿಸಿದರು. ಆಧಾರವಿಲ್ಲದ ಕಥೆ ಬೇಡವೆಂದು ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಹೇಳಿದ ನಂತರ ಸಿನಿಮಾ ಕೈಬಿಡಲಾಯಿತು. ಹೆಸರುಗಳಿಗೆ ಮುಖ ಒದಗಿಸುವ ಕೆಲಸ ಅಲ್ಲಿಗೆ ನಿಂತಿತು.

ಊರು ಕಳೆದುಕೊಂಡ ಫೋಟೊಗಳು

ಪತ್ರಿಕೆಯಲ್ಲಿ ಅಚ್ಚಾದ ಚಿತ್ರ ಮತ್ತು ಅದರ ಅಡಿಬರಹ ಒಂದೇ ಕಾಗದದ ಮೇಲಿರುತ್ತವೆ. ಕತ್ತರಿ ಹಾಕದೆ ಅವುಗಳನ್ನು ಬೇರ್ಪಡಿಸುವಂತಿಲ್ಲ. ಮೊಬೈಲ್ ಚಿತ್ರದ ಸ್ವಭಾವ ಇದಲ್ಲ. ಕ್ಯಾಮೆರಾ ಪ್ರತಿ ಫೋಟೊದೊಳಗೆ ತೆಗೆದ ದಿನ, ವೇಳೆ, ಕೆಲವೊಮ್ಮೆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಗುಪ್ತವಾಗಿ ಬರೆದಿಡುತ್ತದೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ವಾಟ್ಸ್‌ಆ್ಯಪ್ ಮೂಲಕ ಮಾಮೂಲಿಯಾಗಿ ಕಳಿಸುವಾಗ ಚಿತ್ರದ ಗಾತ್ರವನ್ನು ಕುಗ್ಗಿಸುವ ಹಂತದಲ್ಲಿ ಈ ವಿವರ ಕಳಚಿಹೋಗುತ್ತದೆ. ಹೀಗೆ ಊರು, ತಾರೀಖು, ತೆಗೆದವರ ಹೆಸರು ಯಾವುದೂ ಇಲ್ಲದೆ ತಲುಪುವ ಚಿತ್ರಕ್ಕೆ ತಲುಪಿದವರು ತಮಗೆ ತೋಚಿದ ಊರನ್ನು ಹಚ್ಚಬಹುದು.

ಇದರ ಬೆಲೆ ಏನೆಂಬುದನ್ನು ಬೆಂಗಳೂರು 2012ರ ಆಗಸ್ಟ್ ನಡುವಿನಲ್ಲಿ ಕಂಡಿತು. ಅಸ್ಸಾಮಿನ ಹಿಂಸಾಚಾರಕ್ಕೆ ಪ್ರತೀಕಾರವಾಗಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ಎಸ್ಎಂಎಸ್‌ಗಳು ಹರಡಿ, ಸಾವಿರಾರು ಯುವಕ ಯುವತಿಯರು ಕೆಲಸ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಅದಕ್ಕೆ ಮೊದಲೇ ದೇಶದಾದ್ಯಂತ ಸಿಟ್ಟು ಕೆರಳಿಸಿದ್ದ ಚಿತ್ರಗಳಲ್ಲಿ ಒಂದು ಟಿಬೆಟ್ ಪ್ರಸ್ಥಭೂಮಿಯ ಯುಶು ಪ್ರದೇಶದಲ್ಲಿ 2010ರಲ್ಲಿ ಸಂಭವಿಸಿದ ಭೂಕಂಪದ್ದು. ಹೆಣಗಳ ನಡುವೆ ಅಂತ್ಯಸಂಸ್ಕಾರಕ್ಕಾಗಿ ನಿಂತ ಬೌದ್ಧ ಭಿಕ್ಷುಗಳನ್ನು ಮ್ಯಾನ್ಮಾರಿನಲ್ಲಿ ಮುಸ್ಲಿಮರನ್ನು ಕೊಂದವರೆಂದು ತೋರಿಸಲಾಗಿತ್ತು. ಸತ್ತವರಿಗೆ ನೆರವಾಗಲು ಬಂದವರು ಒಂದು ಸಾಲಿನ ಬರಹದಿಂದ ಕೊಲೆಗಾರರಾದರು.

2018ರಲ್ಲಿ ಪ್ರಾಣಗಳೇ ಹೋದವು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಕರ್ನಾಟಕದ ಹಳ್ಳಿಹಳ್ಳಿಯ ಗುಂಪುಗಳಿಗೆ ಬಂತು. ಅದು ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ಕರಾಚಿಯ ಸಂಸ್ಥೆಯೊಂದು ಜಾಗೃತಿಗಾಗಿ ಮಾಡಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಹಿಂದಿರುಗಿ ಮಗುವನ್ನು ಇಳಿಸಿ, ಕರಾಚಿಯಲ್ಲಿ ಮಗುವನ್ನು ಅಪಹರಿಸುವುದು ಎಷ್ಟು ಸುಲಭವೆಂದು ಎಚ್ಚರಿಸುವ ಫಲಕ ಹಿಡಿಯುತ್ತಾರೆ. ಯಾರೋ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿದರು. ಮಕ್ಕಳನ್ನು ರಕ್ಷಿಸಲು ಮಾಡಿದ ಚಿತ್ರ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿಗೆ ಸಾಕ್ಷಿಯಾಯಿತು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೆಟ್ ಕೊಟ್ಟದ್ದೇ ಅಪರಾಧವಾಗಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅವರು ಊರು ಬಿಟ್ಟು ಕಾರಿನಲ್ಲಿ ಹೊರಡುವ ದೃಶ್ಯವನ್ನು ಯಾರೋ ಮುಂದಿನ ಊರಿನವರಿಗೆ ಕಳಿಸಿದ್ದರು. ಕಾರಿಗಿಂತ ವಿಡಿಯೊ ಮೊದಲು ಮುಟ್ಟಿತು.

ಇಂಥ ವಿಡಿಯೊ ಹರಡಿದವರನ್ನೆಲ್ಲ ದುಷ್ಟರೆಂದು ತಳ್ಳಿಹಾಕುವುದು ಸುಲಭ, ಆದರೆ ಅದರಿಂದ ವಿಷಯ ಅರ್ಥವಾಗುವುದಿಲ್ಲ. ಬಹುತೇಕರು ಮಕ್ಕಳ ಮೇಲಿನ ಕಾಳಜಿಯಿಂದಲೇ, ಅಣ್ಣನೋ ಚಿಕ್ಕಪ್ಪನೋ ಕಳಿಸಿದ್ದನ್ನು ನಂಬಿ ಮುಂದೆ ಕಳಿಸಿದ್ದರು. ಪತ್ರಿಕೆಯ ಮಾತಿಗೆ ಸಂಪಾದಕರು ಹೊಣೆಯಾದರೆ, ಮನೆಯ ಗುಂಪಿನ ಮಾತಿಗೆ ಹೊಣೆ ಸಂಬಂಧವೇ. ಚಿತ್ರವನ್ನು ಅನುಮಾನಿಸುವುದೆಂದರೆ ಚಿಕ್ಕಪ್ಪನನ್ನು ಅನುಮಾನಿಸಿದಂತೆ. ಊರಿನ ಮರ್ಯಾದೆಯಲ್ಲಿ ಅದಕ್ಕೆ ಜಾಗ ಕಡಿಮೆ.

ಚೌಕಟ್ಟು: ಐದರ ಲೆಕ್ಕ

2012ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸದಂತೆ ತಾತ್ಕಾಲಿಕ ನಿರ್ಬಂಧ ಹೇರಿತು. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. ಮರುವರ್ಷ ಅದು ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಿಂದ ಹಲವು ಬಾರಿ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದು. ಮೂರೂ ಕ್ರಮಗಳು ವೇಗಕ್ಕೆ ಹಾಕಿದ ಕಡಿವಾಣಗಳು. ಚಿತ್ರದಲ್ಲಿರುವುದು ನಿಜವೇ ಎಂಬ ಪ್ರಶ್ನೆಯನ್ನು ಅವು ಮುಟ್ಟುವುದಿಲ್ಲ.

1,777 ಎಕರೆಯ ಎರಡು ಚಿತ್ರ

ಇಷ್ಟರವರೆಗಿನ ಉದಾಹರಣೆಗಳಲ್ಲಿ ಚಿತ್ರ ತನ್ನ ಊರನ್ನು ಕಳೆದುಕೊಂಡಿತ್ತು. ಊರೇ ತನ್ನ ಚಿತ್ರವನ್ನು ಬಿಡದೆ ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೋರಾಟಕ್ಕಿಂತ ಉತ್ತಮ ಪ್ರಕರಣ ಸಿಗದು.

ವಿಮಾನ ನಿಲ್ದಾಣಕ್ಕೆಂದು ಈ ಭಾಗದ ಸುಮಾರು 4,000 ಎಕರೆ ಮೊದಲೇ ಹೋಗಿತ್ತು. 2008ರಲ್ಲಿ ವಿಮಾನಗಳು ಹಾರತೊಡಗಿದ ಮೇಲೆ ಸುತ್ತಲಿನ ಭೂಮಿಯ ಮೇಲೆ ಕೈಗಾರಿಕೆಯ ಕಣ್ಣು ಬಿತ್ತು. ವೈಮಾಂತರಿಕ್ಷ ಪಾರ್ಕ್, ಅಂದರೆ ವಿಮಾನ ಮತ್ತು ಬಾಹ್ಯಾಕಾಶ ಉಪಕರಣಗಳ ತಯಾರಿಕಾ ವಲಯದ ಸಲುವಾಗಿ, 13 ಹಳ್ಳಿಗಳ 1,777 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳಲು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮುಂದಾಯಿತು. 2022ರ ಏಪ್ರಿಲ್ 4ರಂದು ರೈತರು ಧರಣಿ ಕುಳಿತರು.

ಒಂದೇ ನೆಲವನ್ನು ಇಲ್ಲಿ ಎರಡು ರೀತಿ ನೋಡಲಾಯಿತು. ನಕ್ಷೆಯಲ್ಲಿ ಅದು ಸರ್ವೆ ನಂಬರುಗಳನ್ನು ತುಂಬಿಕೊಂಡ, ರನ್‌ವೇಗೆ ಹತ್ತಿರದ, ಬಣ್ಣ ಬಳಿದ ಚೌಕಗಳ ಜೋಡಣೆ. ಎತ್ತರದಿಂದ ತೆಗೆದ ಯಾವ ಚಿತ್ರದಲ್ಲೂ ಹೊಲವೆಂಬುದು ಕಟ್ಟಡವಿಲ್ಲದ ಜಾಗವಾಗಿಯೇ ಕಾಣುತ್ತದೆ. ನೆಲದ ಮೇಲೆ ನಿಂತವರಿಗೆ ಅದು ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು, ಡೇರಿಗೆ ಹಾಲು ಹಾಕುವ ಮನೆಗಳು, ಕೆಲಸಕ್ಕೆ ಬರುವ ಭೂಮಿಯಿಲ್ಲದ ಕುಟುಂಬಗಳು. ಬೆಂಗಳೂರಿನ ಮಾರುಕಟ್ಟೆಗೆ ಬೆಳಗಿನ ಜಾವ ಹೋಗುವ ಸೊಪ್ಪು ತರಕಾರಿಯ ಒಂದು ಪಾಲು ಬರುವುದು ಇಂಥ ಹೊಲಗಳಿಂದಲೇ ಎಂಬ ಮಾತು ಯಾವ ಉಪಗ್ರಹ ಚಿತ್ರದಲ್ಲೂ ಕಾಣುವಂಥದ್ದಲ್ಲ.

ಮೂರು ವರ್ಷ ಈ ಧರಣಿ ಬಹುಪಾಲು ಜಿಲ್ಲಾ ಪುಟದ ಸುದ್ದಿಯಾಗಿಯೇ ಉಳಿಯಿತು. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ಗೆ ಬಂದವರನ್ನು ಪೊಲೀಸರು ಎಳೆದು ವಾಹನಗಳಿಗೆ ಹತ್ತಿಸಿದ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ದಾಟಿದಾಗ ಅದು ರಾಜ್ಯದ ಸುದ್ದಿಯಾಯಿತು. ನಟ ಪ್ರಕಾಶ್ ರಾಜ್ ಅವರಂಥವರ ಪಾಲ್ಗೊಳ್ಳುವಿಕೆ ಕ್ಯಾಮೆರಾಗಳನ್ನು ಇನ್ನಷ್ಟು ಸೆಳೆಯಿತು. ಧರಣಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನಕ್ಕೂ ಬಂತು. ವಿರೋಧ ಪಕ್ಷದ ನಾಯಕರಾಗಿದ್ದಾಗ ಇದೇ ರೈತರಿಗೆ ಬೆಂಬಲ ಸೂಚಿಸಿದ್ದ ಸಿದ್ದರಾಮಯ್ಯ ಆ ಹೊತ್ತಿಗೆ ಮುಖ್ಯಮಂತ್ರಿಯಾಗಿದ್ದರು ಎಂಬುದನ್ನು ಹೋರಾಟಗಾರರು ಮರೆಯಗೊಡಲಿಲ್ಲ.

ಜುಲೈ 15ರಂದು, ಧರಣಿ ಆರಂಭವಾಗಿ 1,198 ದಿನಗಳಾದ ಮೇಲೆ, ಸ್ವಾಧೀನವನ್ನು ಪೂರ್ತಿಯಾಗಿ ಕೈಬಿಡುವುದಾಗಿ, ಇಷ್ಟವಿದ್ದವರು ಮಾತ್ರ ಭೂಮಿ ಕೊಡಬಹುದೆಂದು ಮುಖ್ಯಮಂತ್ರಿ ಪ್ರಕಟಿಸಿದರು. ವಿಡಿಯೊಗಳಿಂದಲೇ ಗೆಲುವು ಬಂತೆಂದು ಹೇಳುವುದು ಮೂರು ವರ್ಷ ಮಳೆ ಬಿಸಿಲಲ್ಲಿ ಕುಳಿತವರಿಗೆ ಮಾಡುವ ಅವಮಾನ. ನಿಜಸ್ಥಿತಿ ಬಹುಶಃ ಹೀಗಿದೆ: ದೃಶ್ಯಗಳು ಬರುವ ಹೊತ್ತಿಗೆ ಅವುಗಳ ಅಡಿಬರಹ ಸಿದ್ಧವಾಗಿತ್ತು. ಯಾವ ಹಳ್ಳಿ, ಎಷ್ಟು ಎಕರೆ, ಎಷ್ಟು ದಿನ, ಯಾರ ಮಾತು ಎಂಬುದೆಲ್ಲ ಧರಣಿಯ ಟೆಂಟಿನಲ್ಲಿ ಸಾವಿರ ಸಲ ಹೇಳಿ ಗಟ್ಟಿಯಾಗಿತ್ತು, ಹಾಗಾಗಿ ಆ ದೃಶ್ಯಗಳಿಗೆ ಬೇರೆ ಅರ್ಥ ಹಚ್ಚುವುದು ಸುಲಭವಿರಲಿಲ್ಲ.

ಸುಲಭವಿರಲಿಲ್ಲ ಎಂದರೆ ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. ಪ್ರಕಟಣೆಯ ಬೆನ್ನಲ್ಲೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ‘ಎಕ್ಸ್’ ಜಾಲತಾಣದಲ್ಲಿ ವೈಮಾಂತರಿಕ್ಷ ಉದ್ಯಮವನ್ನು ಉದ್ದೇಶಿಸಿ, ಬೆಂಗಳೂರಿಗೆ ಹೊಂದಿಕೊಂಡಂತೆಯೇ ತಮ್ಮಲ್ಲಿ 8,000 ಎಕರೆಗೂ ಹೆಚ್ಚು ಸಿದ್ಧ ಭೂಮಿ ಇದೆ, ಬನ್ನಿ ಎಂದು ಕರೆದರು. ಕೆಲವೇ ವಾಕ್ಯಗಳಲ್ಲಿ ಚನ್ನರಾಯಪಟ್ಟಣದ ರೈತರ ಗೆಲುವು ಕರ್ನಾಟಕದ ಉದ್ಯಮ ನಷ್ಟವಾಗಿ ಮಾರ್ಪಟ್ಟು, ಟಿ.ವಿ. ಚರ್ಚೆಗಳ ಪ್ರಶ್ನೆಯೇ ಬದಲಾಯಿತು. ರೈತರಿಗೆ ನ್ಯಾಯ ಸಿಕ್ಕಿತೇ ಎಂದು ಕೇಳುತ್ತಿದ್ದವರು ಕೈಗಾರಿಕೆ ಕೈತಪ್ಪಿತೇ ಎಂದು ಕೇಳತೊಡಗಿದರು, ರಾಜ್ಯದ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ಸಮಜಾಯಿಷಿ ಕೊಡಬೇಕಾಯಿತು.

ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಟೆಲಿವಿಷನ್ ಕುರಿತು ಬರೆಯುತ್ತ, ನೋಡುಗರು ತಮಗೆ ಕಳಿಸಲಾದ ಅರ್ಥವನ್ನು ಹಾಗೆಯೇ ಸ್ವೀಕರಿಸಬಹುದು, ಅರ್ಧ ಒಪ್ಪಿ ಅರ್ಧ ತಿದ್ದಿಕೊಳ್ಳಬಹುದು, ಅಥವಾ ಪೂರ್ತಿ ತಿರಸ್ಕರಿಸಿ ವಿರುದ್ಧವಾಗಿ ಓದಬಹುದು ಎಂದಿದ್ದರು. ಹಾಲ್ ಇದನ್ನು ಬರೆದ ಕಾಲದ ಟಿ.ವಿ.ಯಲ್ಲಿ ವಿರುದ್ಧವಾಗಿ ಓದಿದವರ ಮಾತು ಅವರ ನಡುಮನೆಯಲ್ಲೇ ಉಳಿಯುತ್ತಿತ್ತು. ಈಗ ಅದೂ ಪ್ರಕಟವಾಗುತ್ತದೆ, ಮತ್ತು ಯಾರಿಗೆ ಯಾವುದನ್ನು ಮೊದಲು ತೋರಿಸಬೇಕೆಂದು ನಿರ್ಧರಿಸುವ ಅಲ್ಗಾರಿದಂ ಎಂಬ ಲೆಕ್ಕಾಚಾರದ ವ್ಯವಸ್ಥೆಗೆ ಹಸಿರು ಶಾಲಾಗಲಿ ಹೂಡಿಕೆಯ ಆಹ್ವಾನವಾಗಲಿ ಒಂದೇ. ಯಾವುದನ್ನು ನೋಡಿ ಜನ ಹೆಚ್ಚು ಹೊತ್ತು ನಿಲ್ಲುತ್ತಾರೋ ಅದು ಮುಂದಕ್ಕೆ ಬರುತ್ತದೆ.

ಹಸಿರು ಶಾಲಿನ ಮಾತು ಬಂದದ್ದರಿಂದ ಒಂದು ಟಿಪ್ಪಣಿ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಗುರುತಾದ ಆ ವಸ್ತ್ರ ಕ್ಯಾಮೆರಾಗೆ ಬಹಳ ಒಗ್ಗುತ್ತದೆ. ಸಾವಿರ ಜನರ ಗುಂಪಿನಲ್ಲೂ ರೈತ ಎಲ್ಲಿದ್ದಾನೆಂದು ಅದು ದೂರದಿಂದಲೇ ಹೇಳುತ್ತದೆ. ಅದಕ್ಕೇ 2018ರ ಮೇ 17ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸುವಾಗಲೂ ಅವರ ಹೆಗಲ ಮೇಲೆ ಹಸಿರು ಶಾಲಿತ್ತು. ರಾಜಭವನದ ಶಾಲೂ ಚನ್ನರಾಯಪಟ್ಟಣದ ಶಾಲೂ ಫೋಟೊದಲ್ಲಿ ಒಂದೇ ಹಸಿರು.

ಇಡೀ ಜಿಲ್ಲೆಗೇ ಹೊಸ ಅಡಿಬರಹ

ಚನ್ನರಾಯಪಟ್ಟಣದ ಬಿಸಿ ಏರಿದ್ದ ಅದೇ ದಿನಗಳಲ್ಲಿ, 2025ರ ಜುಲೈ 2ರಂದು, ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. 1986ರಲ್ಲಿ ಜಿಲ್ಲೆ ರೂಪುಗೊಂಡಾಗ ‘ಗ್ರಾಮಾಂತರ’ ಎಂಬುದು ನಗರದಿಂದ ಪ್ರತ್ಯೇಕಿಸುವ ಗುರುತಾಗಿತ್ತು. ನಾಲ್ಕು ದಶಕ ತುಂಬುವ ಮೊದಲೇ ಅದು ಹೂಡಿಕೆಗೂ ಭೂಮಿಯ ಬೆಲೆಗೂ ತೊಡಕಾಗಿ ತೋರಿತು. ಬಡಾವಣೆ ಮಾರುವವರು ಇದನ್ನು ಸರ್ಕಾರಕ್ಕಿಂತ ಬಹಳ ಮೊದಲೇ ಮಾಡಿದ್ದರು: ದೊಡ್ಡಬಳ್ಳಾಪುರದ ದಾರಿಯ ಹೊಲಗಳನ್ನು ‘ನಾರ್ತ್ ಬೆಂಗಳೂರು’ ಎಂದು ಕರೆಯುವ, ಕಂಪ್ಯೂಟರಿನಲ್ಲಿ ಬಿಡಿಸಿದ ಈಜುಕೊಳ ತೋರಿಸುವ ಜಾಹೀರಾತುಗಳು ರಸ್ತೆಯುದ್ದಕ್ಕೂ ಇವೆ. ರೈತರು ತಮ್ಮ ನೆಲದ ಗ್ರಾಮೀಣತೆಯೇ ತಮ್ಮ ಹಕ್ಕು ಎಂದು ವಾದಿಸುತ್ತಿದ್ದ ವಾರದಲ್ಲೇ ಆ ಗ್ರಾಮೀಣತೆಯನ್ನು ಫಲಕದಿಂದ ಇಳಿಸುವ ತೀರ್ಮಾನವಾಯಿತು.

ಜಾಲತಾಣಗಳಲ್ಲಿ ಯಾವ ಚಿತ್ರ ಇರಬೇಕು, ಯಾವುದು ಹೋಗಬೇಕು ಎಂಬ ವ್ಯಾಜ್ಯವೂ ಈಚೆಗೆ ಕರ್ನಾಟಕದ ನ್ಯಾಯಾಲಯಕ್ಕೇ ಬಂದಿತ್ತು. ಕಾನೂನುಬಾಹಿರವೆನಿಸಿದ್ದನ್ನು ತೆಗೆದುಹಾಕುವಂತೆ ಅಧಿಕಾರಿಗಳು ಕಂಪನಿಗಳಿಗೆ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲನ್ನು ಪ್ರಶ್ನಿಸಿ ಎಕ್ಸ್ ಕಾರ್ಪ್ ಸಲ್ಲಿಸಿದ್ದ ಅರ್ಜಿಯನ್ನು ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ಅದಕ್ಕೂ ಹತ್ತು ವರ್ಷಗಳ ಹಿಂದೆ, 2015ರ ಮಾರ್ಚ್‌ನಲ್ಲಿ, ಆಕ್ಷೇಪಾರ್ಹ ಬರಹಕ್ಕೆ ಬಂಧಿಸಲು ಅವಕಾಶ ಕೊಡುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಅಸ್ಪಷ್ಟವೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ರದ್ದುಪಡಿಸಿತ್ತು. ಒಂದು ಮಿಥ್ಯೆಯನ್ನು ಅಳಿಸುವ ಅಧಿಕಾರ ಇರುವ ಕೈಗೇ ಒಂದು ಧರಣಿಯ ವಿಡಿಯೊವನ್ನು ಅಳಿಸುವ ಅಧಿಕಾರವೂ ಇರುತ್ತದೆ ಎಂಬ ಅಂಜಿಕೆ ಈ ಎರಡು ತೀರ್ಪುಗಳ ನಡುವಿನ ಹಾದಿಯಲ್ಲಿ ಇನ್ನೂ ಬಗೆಹರಿದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರ ಮತ್ತು ವಿಡಿಯೊಗಳಿಗಾಗಿ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಒಂದು ಕರಡನ್ನು ಮುಂದಿಟ್ಟಿತು: ಇದು ಕೃತಕ ಎಂದು ಸಾರುವ ಪಟ್ಟಿ ಚಿತ್ರದ ಕನಿಷ್ಠ ಶೇ 10ರಷ್ಟು ಭಾಗವನ್ನು ಆವರಿಸಿರಬೇಕು ಎಂಬುದು ಅದರ ಪ್ರಸ್ತಾವಗಳಲ್ಲೊಂದಾಗಿತ್ತು. ಅಡಿಬರಹವನ್ನು ಕಾನೂನೇ ಬರೆಯಹೊರಟ ಈ ಯೋಚನೆ ಸ್ವಾಗತಾರ್ಹವೇ, ಏಕೆಂದರೆ ಸತ್ತವರನ್ನು ಮಾತನಾಡಿಸುವ, ಬದುಕಿರುವವರಿಂದ ಆಡದ ಮಾತು ಆಡಿಸುವ ಡೀಪ್‌ಫೇಕ್ ಎಂಬ ನಕಲಿ ವಿಡಿಯೊಗಳು ಈಗ ಅಗ್ಗವಾಗಿ ಸಿಗುತ್ತವೆ. ಆದರೆ ಇಂಥ ಪಟ್ಟಿ ಹೇಳುವುದು ಚಿತ್ರ ಹೇಗೆ ತಯಾರಾಯಿತು ಎಂಬುದನ್ನು ಮಾತ್ರ. ಜಾಂಜಿಬಾರಿನ ವ್ಯಾಪಾರಿಯ ಫೋಟೊ, ಯುಶುವಿನ ಭಿಕ್ಷುಗಳ ಫೋಟೊ, ಮುರ್ಕಿಯತ್ತ ಹೊರಟ ಕಾರಿನ ವಿಡಿಯೊ ಇವೆಲ್ಲ ನಿಜವಾದ ಕ್ಯಾಮೆರಾ ನಿಜವಾಗಿಯೂ ಕಂಡ ದೃಶ್ಯಗಳು. ಕರಡಿನ ಯಾವ ಪಟ್ಟಿಯೂ ಅವುಗಳಿಗೆ ಅನ್ವಯಿಸುವುದಿಲ್ಲ.